ಸೋರುವ ಸೀಲೂ ಲಾರಿರಾಯರ ಮರ್ಯಾದೆಯೂ

ಮಾಡಿದ ತಪ್ಪಿಗೆ ಬೈಸಿಕೊಳ್ಳುವುದು ಲಾರಿರಾಯರಿಗೆ ಅಭ್ಯಾಸವಾಗಿತ್ತು. ಮದುವೆಯಾಗಿ ಹತ್ತೊಂಬತ್ತು ವರ್ಷವಾದ ಯಾವ ಗಂಡಸಿಗೆ ಆ ಅಭ್ಯಾಸವಿರುವುದಿಲ್ಲ? ಆದರೆ ಮಾಡದ ತಪ್ಪಿಗೆ ಹನ್ನೊಂದು ದಿನದಿಂದ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ, ಕೇಳಿದ ಹೊತ್ತಿಗೆ ಒಂದು ಲೋಟ ಕಾಫಿಯಿಲ್ಲ ಎಂದರೆ ಯಾರಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ!

ಸಂಗತಿ ಇಷ್ಟೆ. ರಾಯರ ಅತ್ತೆ ಒಂದು ದೊಡ್ಡ ಹಾಸ್ಟೆಲಿನ ಅಡುಗೆಮನೆಯನ್ನು ಮೂವತ್ತು ವರ್ಷ ಆಳಿ ನಿವೃತ್ತರಾದವರು. ಅವರು ಬಾಡಿಗೆ ಮನೆ ಬಿಟ್ಟು ಮಗಳ ಜೊತೆಗೇ ಇರುವುದೆಂದು ತೀರ್ಮಾನವಾಗಿತ್ತು. (ತೀರ್ಮಾನಿಸಿದವರು ತಾಯಿ, ಮಗಳು. ರಾಯರಿಗೆ ಅದನ್ನು ದಯವಿಟ್ಟು ತಿಳಿಸಲಾಯಿತು.) ಕಬ್ಬಿಣದ ಮಂಚ, ಕನ್ನಡಿ ಬೀರು, ಹೊಲಿಗೆ ಯಂತ್ರ, ನಲವತ್ತು ಹೂಕುಂಡ, ಇಷ್ಟನ್ನೂ ಘಾಟಿ ದಾಟಿಸಿ ತರಬೇಕಾದದ್ದು ರಾಯರ ಸ್ವಂತ ಲಾರಿ. ಈ ಬರುವ ಭಾನುವಾರದೊಳಗೆ ಆ ಮನೆಯ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಲೇಬೇಕು. ಸಾಮಾನು ತರಲು ಹೊರಡಬೇಕಿದ್ದ ದಿನ ಬೆಳಿಗ್ಗೆಯೇ ಲಾರಿಯ ಎಂಜಿನ್ನು ಮುಂಭಾಗದಿಂದ ಎಣ್ಣೆ ಸುರಿಸತೊಡಗಿತು.

ಎಂಜಿನ್ನಿನೊಳಗೆ ತಿರುಗುವ ದಪ್ಪ ದಂಡವೊಂದು ಹೊರಗೆ ಇಣುಕುವ ಜಾಗದಲ್ಲಿ ಒಂದು ರಬ್ಬರಿನ ಬಳೆ ಇರುತ್ತದೆ. ದಂಡ ಬೇಕಾದಷ್ಟು ತಿರುಗಲಿ, ಎಣ್ಣೆ ಮಾತ್ರ ಒಳಗೇ ಇರಲಿ ಎಂದು ಕಾಯುವ ದ್ವಾರಪಾಲಕ ಅದು. ಅದರ ಹೆಸರು ಆಯಿಲ್ ಸೀಲು.

"ಸೀಲು ಹೋಗಿದೆ ಕಣೇ," ಎಂದರು ರಾಯರು.

"ಸರಿಯಾಗಿ ಇವತ್ತೇ ಹೋಯ್ತಾ?" ಎಂದಳು ಹೆಂಡತಿ.

"ಅದೇನು ಪಂಚಾಂಗ ನೋಡ್ಕೊಂಡು ಹೋಗುತ್ತಾ?"

"ಅದು ನೋಡಲ್ಲ. ನೋಡೋರು ಬೇರೆ ಇರ್ತಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ರಾಯರು ಒಂದು ಸಲ ಹೆಗಲು ಮುಟ್ಟಿಕೊಂಡರು. ಏಕೆಂದರೆ ಎಣ್ಣೆ ಸೋರುವುದನ್ನು ಕಂಡಾಗ ಅವರ ಮನಸ್ಸಿನಲ್ಲಿ ಸಾಸಿವೆ ಕಾಳಿನಷ್ಟು ಸಂತೋಷವಾದದ್ದು ನಿಜ. ಆದರೆ ಸಂತೋಷಪಟ್ಟ ಮಾತ್ರಕ್ಕೆ ಸೀಲು ಕಿತ್ತುಹೋಗುತ್ತದೆಯೇ? ಅದನ್ನು ಯಾರಿಗೆ ಹೇಳುವುದು, ಹೇಗೆ ಹೇಳುವುದು!

"ಗ್ಯಾರೇಜಿಗೆ ಕೊಟ್ರೆ ವಾರ ಮಾಡ್ತಾರೆ. ನಾನೇ ಅರ್ಧ ದಿನದಲ್ಲಿ ಹಾಕ್ತೀನಿ ನೋಡು. ಇಪ್ಪತ್ತೆರಡು ವರ್ಷದಿಂದ ಲಾರಿ ಓಡಿಸ್ತಿದೀನಿ, ಈ ಎಂಜಿನ್ನಿನ ಒಂದೊಂದು ನರವೂ ನನಗೆ ಗೊತ್ತು," ಎಂದು ರಾಯರು ಭೀಷ್ಮಪ್ರತಿಜ್ಞೆ ಮಾಡಿದರು. (ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಅವರ ಹೆಂಡತಿ ಇಟ್ಟುಕೊಂಡಳು.)

ಅಂದು ರೇಡಿಯೇಟರ್ ಇಳಿಸಿದರು, ಫ್ಯಾನು ಬಿಚ್ಚಿದರು, ದಂಡದ ತುದಿಯ ಪುಲ್ಲಿ ಚಕ್ರವನ್ನು ಹೆಣಗಾಡಿ ಎಳೆದರು, ಹಳೆಯ ಸೀಲನ್ನು ಕಿತ್ತು ಹೊಸದನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಕೂರಿಸಿದರು. ಎಂಜಿನ್ನು ಚಾಲೂ ಮಾಡಿದರೆ ಕಾಲು ಗಂಟೆಯಲ್ಲಿ ಮತ್ತೆ ಎಣ್ಣೆ! ಬಿಡಿಭಾಗದ ಅಂಗಡಿಯವನು "ಅದು ನಕಲಿ ಮಾಲು ಸಾರ್," ಎಂದು ಅಸಲಿ ಕೊಟ್ಟ. ಮತ್ತೆ ರೇಡಿಯೇಟರ್, ಮತ್ತೆ ಫ್ಯಾನು, ಮತ್ತೆ ಪುಲ್ಲಿ. ಅಸಲಿಯೂ ಅಷ್ಟೇ ಅಸಲಿಯಾಗಿ ಸೋರಿತು. "ಹಾಗಾದ್ರೆ ತಿರುವುಮುರುವು ಹಾಕಿದೀರಿ," ಎಂದ ಅಂಗಡಿಯವನು. ಸೀಲಿನ ರಬ್ಬರ್ ತುಟಿ ಇರಬೇಕಾದಂತೆ ಒಳಮುಖವಾಗಿಯೇ ಇತ್ತು. ಆದರೂ ಮೂರನೆಯದನ್ನು ಹಾಕಿದರು. ಸೋರಿದಷ್ಟು ಎಣ್ಣೆ ಮತ್ತೆ ತುಂಬಲು ಮೇಲಿನ ಮುಚ್ಚಳ ತಿರುಗಿಸಿದಾಗಲೆಲ್ಲ ಅದು ಬುಸ್ ಎಂದು ಕೈಯನ್ನೇ ತಳ್ಳುತ್ತಿತ್ತು. ಎಂಜಿನ್ನಿಗೂ ತಮ್ಮ ಮೇಲೆ ಸಿಟ್ಟೆಂದುಕೊಂಡು ರಾಯರು ಸುಮ್ಮನಾದರು. ತಲೆಬುಡ ಒಂದೂ ತಿಳಿಯಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ; ಇವರ ಕೈ ಮೊಣಕೈವರೆಗೂ ಕೆಸರಾಗಿತ್ತು, ಬಾಯಿಗೆ ಕಾಫಿಯೂ ಸಿಕ್ಕಲಿಲ್ಲ.

ಇದರ ಮೇಲೆ ಅಂಗಳದ ಗೋಳು ಬೇರೆ. ಎರಡು ತಿಂಗಳ ಹಿಂದೆ ಹೆಂಡತಿ ಅಂಗಳಕ್ಕೆ ಸಿಮೆಂಟು ಹಾಕಿಸಿದ್ದಳು. ಅಲ್ಲೊಂದು ಕಪ್ಪು ಚುಕ್ಕೆ ಕಂಡರೂ ರಂಪ. ಎಂಜಿನ್ನಿನ ಪಕ್ಕದಿಂದ ಇಳಿಬಿದ್ದ ಯಾವುದೋ ಪೈಪು ತೊಟ್ಟಿಕ್ಕುತ್ತಿದ್ದುದನ್ನು ಕಳೆದ ತಿಂಗಳಷ್ಟೇ ರಾಯರು ಜಾಣತನದಿಂದ ನಿಲ್ಲಿಸಿ ತಮಗೆ ತಾವೇ ಭೇಷ್ ಎಂದುಕೊಂಡಿದ್ದರು. ಈಗ ನೋಡಿದರೆ ತೊಟ್ಟಿನ ಜಾಗದಲ್ಲಿ ಕೆರೆ.

"ಬೇರೆ ಲಾರಿ ಗೊತ್ತು ಮಾಡೋಣ," ಎಂದರು ರಾಯರು.

"ಲಾರಿ ಇರೋ ಅಳಿಯನ್ನ ಇಟ್ಕೊಂಡು ಅಮ್ಮ ಬೇರೆಯವರ ಲಾರೀಲಿ ಬರ್ಬೇಕಾ? ನೇರವಾಗಿ ಹೇಳ್ಬಿಡಿ, ಅವರು ಬರೋದು ನಿಮಗೆ ಇಷ್ಟ ಇಲ್ಲ ಅಂತ." ಹೇಳುತ್ತಾ ಅವಳ ಕಣ್ಣು ತುಂಬಿತು. ಅದನ್ನು ನೋಡಿ ರಾಯರಿಗೆ ನಿಜವಾಗಿಯೂ ಸಂಕಟವಾಯಿತು. ಇನ್ನು ಅತ್ತೆ ಬಂದರೂ ಸರಿ, ಅವರ ನಲವತ್ತು ಹೂಕುಂಡ ಬಂದರೂ ಸರಿ, ಈ ಸೋರುವುದೊಂದು ನಿಂತರೆ ಸಾಕು ಎಂದು ಮನಸಾರೆ ಬೇಡಿಕೊಂಡರು.

ಶುಕ್ರವಾರ ಬೆಳಿಗ್ಗೆ ಅತ್ತೆಯೇ ಬಸ್ಸಿನಲ್ಲಿ ಬಂದಿಳಿದರು. ಚೀಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಸ್ಟೆಲಿನಲ್ಲಿ ಅಡುಗೆಯವರ ತಪ್ಪು ಹಿಡಿಯುತ್ತಿದ್ದ ಅದೇ ಕಣ್ಣಿನಿಂದ ಲಾರಿಯನ್ನು ನೋಡಿದರು.

"ಚಾಲೂ ಮಾಡಿ ಅಳಿಯಂದ್ರೇ."

ರಾಯರು ಮಾಡಿದರು. ಎಣ್ಣೆ ಇಳಿಯಿತು.

"ಈ ಮೇಲಿನ ಮುಚ್ಚಳ ಯಾಕೆ ಬುಸುಗುಡ್ತಿದೆ?"

"ಅದು ಹಾಗೇ ಅತ್ತೆ. ಲಾರಿ ಅಂದ್ಮೇಲೆ ಅಷ್ಟೂ ಇಲ್ದಿದ್ರೆ ಹೇಗೆ?"

"ನಮ್ಮ ಹಾಸ್ಟೆಲಲ್ಲಿ ದೊಡ್ಡ ಕುಕ್ಕರಿನ ರಬ್ಬರು ಮೂರು ಸಲ ಬದಲಾಯಿಸಿದ್ರು. ಆದ್ರೂ ಪಕ್ಕದಲ್ಲೆಲ್ಲಾ ಸೋರೋದು. ಕೊನೆಗೆ ನೋಡಿದ್ರೆ ಹಬೆ ಹೋಗೋ ನಳಿಗೇಲಿ ಅನ್ನದ ಅಗಳು ಕೂತಿದೆ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಇದಕ್ಕೂ ಹಬೆ ಹೋಗೋಕೆ ದಾರಿ ಇರ್ಬೇಕಲ್ಲ, ಎಲ್ಲಿದೆ?"

ರಾಯರಿಗೆ ಕಳೆದ ತಿಂಗಳು ತಾವು ತೊಟ್ಟಿಕ್ಕದಂತೆ ಮಾಡಿದ್ದ ಆ ಪೈಪು ಥಟ್ಟನೆ ನೆನಪಾಯಿತು.

ಅಷ್ಟರಲ್ಲಿ ಹೆಂಡತಿ ಬಗ್ಗಿ ನೋಡಿದ್ದಳು. "ಇಲ್ಲೊಂದು ಪೈಪಿದೆ ಅಮ್ಮಾ, ಬಾಯಿಗೆ ಏನೋ ತುರುಕಿ ತಂತಿ ಬಿಗಿದಿದಾರೆ." ಎಂಜಿನ್ನು ನಿಲ್ಲಿಸಲು ಹೇಳಿ, ತಂತಿ ಬಿಚ್ಚಿ ಎಳೆದಳು. ಪೈಪು ಒಂದು ತಿಂಗಳ ನಿಟ್ಟುಸಿರನ್ನು ಒಂದೇ ಸಲ ಬಿಟ್ಟಿತು. ಕೈಗೆ ಬಂದದ್ದು ಎಣ್ಣೆ ಕುಡಿದು ಕಪ್ಪಾದ ಬಟ್ಟೆ. ಬಿಡಿಸಿದರೆ ಮೂಲೆಯಲ್ಲಿ ನೀಲಿ ದಾರದ ಹೂವು. ಕಳೆದ ವರ್ಷ ಅತ್ತೆ ಕೈಯಾರೆ ಹೂವು ಹಾಕಿ ಅಳಿಯನಿಗೆ ಕೊಟ್ಟಿದ್ದ ಟವೆಲ್ಲು!



"ಅಮ್ಮ ಬರ್ಬಾರ್ದು ಅಂತ," ಎಂದಳು ಹೆಂಡತಿ, "ಅಮ್ಮ ಕೊಟ್ಟ ಟವೆಲ್ಲನ್ನೇ!"

"ಅಯ್ಯೋ ಇಲ್ವೇ! ನಿನ್ನ ಅಂಗಳ ಹಾಳಾಗ್ಬಾರ್ದು ಅಂತ ತುರುಕಿದ್ದು. ಕತ್ತಲಲ್ಲಿ ಕೈಗೆ ಸಿಕ್ಕಿದ ಬಟ್ಟೆ. ಅದು ಎಂಜಿನ್ನಿನ ಹಬೆ ಹೋಗೋ ದಾರಿ ಅಂತ ನನಗೆ ಗೊತ್ತೇ ಇರ್ಲಿಲ್ಲ."

"ಇಪ್ಪತ್ತೆರಡು ವರ್ಷದಿಂದ ಓಡಿಸ್ತಿರೋರಿಗೆ ಗೊತ್ತಿರ್ಲಿಲ್ವಾ? ಒಂದೊಂದು ನರವೂ ಗೊತ್ತಿರೋರಿಗೆ?"

ಅತ್ತ ದರಿ, ಇತ್ತ ಪುಲಿ. ಗೊತ್ತಿತ್ತು ಎಂದರೆ ಕುತಂತ್ರಿ, ಗೊತ್ತಿರಲಿಲ್ಲ ಎಂದರೆ ದಡ್ಡ. ರಾಯರು ಎದುರುಮನೆಯ ಕಿಟಕಿಯತ್ತ ಒಮ್ಮೆ ನೋಡಿದರು. ಅಲ್ಲಿ ಎರಡು ತಲೆ ಆಗಲೇ ಹಾಜರಿದ್ದವು. ಮರ್ಯಾದೆಗೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟು, "ನನಗೆ ಗಾಡಿ ಓಡಿಸೋದು ಬಿಟ್ರೆ ಏನೂ ಗೊತ್ತಿಲ್ಲ ಕಣೇ. ನಾನು ದಡ್ಡ," ಎಂದರು.

"ನಾನು ನಂಬಲ್ಲ," ಎಂದಳು ಹೆಂಡತಿ.

"ನಾನು ನಂಬ್ತೀನಿ," ಎಂದರು ಅತ್ತೆ.

ರಾಯರಿಗೆ ಕಣ್ಣಲ್ಲಿ ನೀರೇ ಬಂತು. ಹತ್ತೊಂಬತ್ತು ವರ್ಷದಲ್ಲಿ ಅತ್ತೆ ತಮ್ಮ ಪಕ್ಷ ವಹಿಸಿದ್ದು ಇದೇ ಮೊದಲು.

"ಸುಮ್ಮನೆ ಅವರನ್ನ ಯಾಕೆ ಬೈತೀಯ?" ಎಂದು ಅತ್ತೆ ಮಗಳ ಬೆನ್ನು ಸವರಿದರು. "ಇಷ್ಟೆಲ್ಲಾ ಯೋಚನೆ ಮಾಡಿ, ಇಲ್ಲಿ ಮುಚ್ಚಿ ಅಲ್ಲಿ ಸೋರೋ ಹಾಗೆ ಮಾಡೋದಕ್ಕೆ ತಲೆ ಬೇಡ್ವಾ? ನಿನ್ನ ಗಂಡನ್ನ ನೀನು ನೋಡಿಲ್ವಾ?"

ಹೆಂಡತಿ ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮೂಗಿನ ತುದಿಯಲ್ಲಿ ಗ್ರೀಸು, ಕೈಯಲ್ಲಿ ಹಾಕಲೆಂದು ತಂದಿದ್ದ ನಾಲ್ಕನೆಯ ಸೀಲು. ಅವಳ ಮುಖ ನಿಧಾನವಾಗಿ ಅರಳಿತು.

"ಹೌದಮ್ಮಾ! ಇದು ನನಗೆ ಹೊಳೀಲೇ ಇಲ್ಲ ನೋಡು."

ಮತ್ತೆ ಎಂಜಿನ್ನು ಚಾಲೂ ಆಯಿತು. ಅರ್ಧ ಗಂಟೆಯಾದರೂ ಸೀಲಿನ ಕಡೆ ಒಂದು ಹನಿ ಇಲ್ಲ. ಪೈಪಿನಿಂದ ಬೀಳುವ ತೊಟ್ಟಿಗೆ ಅತ್ತೆ ಒಂದು ಹಳೆಯ ಡಬ್ಬ ಇಟ್ಟರು. ತಾಯಿ ಮಗಳು ನಗುತ್ತಾ ಒಳಗೆ ಹೋದರು. ಹನ್ನೊಂದು ದಿನದ ಮೇಲೆ ಲಾರಿರಾಯರಿಗೆ ಬಿಸಿ ಬಿಸಿ ಕಾಫಿ ಬಂತು. ತಾವು ಗೆದ್ದರೋ ಸೋತರೋ ತಿಳಿಯದೆ, ಅವರು ಅದನ್ನು ಕೊನೆಯ ಗುಟುಕಿನವರೆಗೂ ಕುಡಿದರು.