ಬ್ಲೇಡಿಗೆ ಬಗ್ಗದ ಹೆಸರು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಗಡ್ಡ ಕೆರೆಯುವ ಬ್ಲೇಡು. ಅದರಿಂದ ಹಮ್ರೋ ಬೋಲ್ತಾಯೆವ್ ಗಡ್ಡ ಕೆರೆದದ್ದು ಕಡಿಮೆ, ಹೆಸರು ಕೆರೆದದ್ದೇ ಹೆಚ್ಚು.

ಬುಖಾರಾದ ಕಟ್ಟಡ ನಕ್ಷೆ ಕಚೇರಿಯ ನೆಲಮಾಳಿಗೆಯಲ್ಲಿ ಹಳೆಯ ನಕ್ಷೆಗಳನ್ನು ಕಾಯುವುದು ಹಮ್ರೋನ ಕೆಲಸ. ನಲವತ್ತು ವರ್ಷದಿಂದ ಅದೇ ಕೆಲಸ, ಅದೇ ಕುರ್ಚಿ. ಊರಿನ ಮಕ್ಕಳ ಗ್ರಂಥಾಲಯ, ಹೆರಿಗೆ ಆಸ್ಪತ್ರೆ, ಗುಮ್ಮಟದ ಮಾರುಕಟ್ಟೆ ಎಲ್ಲದರ ನಕ್ಷೆಗಳೂ ಅವನ ಕಪಾಟಿನಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ್ದವು. ಮನುಷ್ಯ ಬಹಳ ಪುಕ್ಕಲು, ಬಹಳ ಕಟ್ಟುನಿಟ್ಟು. ಉರಿದುಹೋದ ಬಲ್ಬು ಬದಲಾಯಿಸಿದರೂ ಯಾವುದಾದರೊಂದು ಪುಸ್ತಕದಲ್ಲಿ ತಾರೀಖು ಹಾಕಿ ಸಹಿ ಮಾಡಿದ ಮೇಲೇ ಅವನಿಗೆ ಉಸಿರು ಬರುತ್ತಿದ್ದದ್ದು. ಇಷ್ಟಾದರೂ ಅವನ ಹೆಸರು ಎಲ್ಲೂ ಇರಲಿಲ್ಲ, ಅವನ ಕೋಣೆಯ ಬಾಗಿಲ ಮೇಲೂ ಇರಲಿಲ್ಲ.

"ದುಡಿಯೋ ಕತ್ತೆಗಾದ್ರೂ ಕೊರಳಿಗೊಂದು ಗಂಟೆ ಕಟ್ತಾರೆ ಕಣ್ರೀ," ಎಂದು ಹೆಂಡತಿ ಜುಲೈಹೋ ಆಗಾಗ ಚುಚ್ಚುತ್ತಿದ್ದಳು.

ಹಾಗಾಗಿ ಆ ಮಾರ್ಚ್ ತಿಂಗಳ ಬೆಳಗ್ಗೆ ಡೈರೆಕ್ಟರಮ್ಮ ಮುನವ್ವರ್ ತಾವೇ ಮೆಟ್ಟಿಲಿಳಿದು ಬಂದು ಹೇಳಿದ ಮಾತು ಕೇಳಿ ಹಮ್ರೋನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಕಚೇರಿಗೆ ಹೆಣ್ಣೊಬ್ಬಳು ಮುಖ್ಯಸ್ಥೆಯಾಗಿ ಬಂದದ್ದು ಅದೇ ಮೊದಲು. ಈಗ ಮೇಲಿನ ಮಹಡಿಯಲ್ಲಿ ಕೂತು ನಕ್ಷೆ ಬರೆಯುವವರಲ್ಲಿ ಅರ್ಧಕ್ಕರ್ಧ ಹೆಣ್ಣುಮಕ್ಕಳೇ ಇದ್ದರು.

"ಹಮ್ರೋ ಅಕಾ, ಮಧ್ಯಾಹ್ನ ಮೂರು ಗಂಟೆಗೆ ಪ್ರದರ್ಶನ ಶುರು. ಊರು ಕಟ್ಟಿದ ಹೆಣ್ಣುಮಕ್ಕಳ ನಕ್ಷೆಗಳು. ಈ ಪಟ್ಟೀಲಿರೋ ಹದಿನೇಳು ನಕ್ಷೆಗೂ ಮೂಲದಿಂದ ಒಂದೊಂದು ಪ್ರತಿ ತೆಗೆದುಕೊಡಿ. ಇದಕ್ಕೆ ಯಾರ್ಯಾರು ಕೈ ಹಚ್ಚಿದ್ರೋ ಅವರೆಲ್ಲರ ಹೆಸರೂ ಇವತ್ತು ಗೋಡೆ ಮೇಲೆ ಬರುತ್ತೆ. ನಿಮ್ಮದೂ ಬರುತ್ತೆ."

"ನಂದೂನಾ ಓಪಾ?" ಎಂದ ಹಮ್ರೋ. ಆ ಊರಿನಲ್ಲಿ ಅಣ್ಣನಿಗೆ ಅಕಾ, ಅಕ್ಕನಿಗೆ ಓಪಾ.

"ನಿಮ್ಮದು ಎಲ್ಲರಿಗಿಂತ ದೊಡ್ಡದಾಗಿ," ಎಂದು ನಕ್ಕು ಆಕೆ ಮೇಲೆ ಹೋದರು.

ಹಮ್ರೋ ತಕ್ಷಣ ಮನೆಗೆ ಫೋನ್ ಮಾಡಿದ. ಜುಲೈಹೋ ತನ್ನ ಅಣ್ಣನಿಗೆ ಮಾಡಿದಳು, ಅಣ್ಣ ಬೀದಿಗೆಲ್ಲ ಸಾರಿದ. ಫೋನಿಟ್ಟ ಮೇಲೆ ಹಮ್ರೋ ಪಟ್ಟಿ ನೋಡಿದ. ಮೇಲಿನಿಂದ ಕೆಳಗೆ ಬೆರಳಿಟ್ಟು ಇನ್ನೊಮ್ಮೆ ಓದಿದ.

ಹದಿನೇಳೂ ಅವನು ಕೆರೆದ ನಕ್ಷೆಗಳೇ!

ಹಿಂದಿದ್ದ ದೊಡ್ಡ ಸಾಹೇಬರ ಕಾಲದ ಮಾತು. "ಹೆಂಗಸಿನ ಹೆಸರಿದ್ರೆ ಬಹುಮಾನ ಯಾರಯ್ಯ ಕೊಡ್ತಾರೆ? ಕೆರೆದುಹಾಕು," ಎಂದು ಅವರು ಅಪ್ಪಣೆ ಕೊಟ್ಟರೆ, ಹಮ್ರೋ ಪಾರದರ್ಶಕ ಕಾಗದದ ಮೂಲೆಯಲ್ಲಿದ್ದ ಹೆಸರನ್ನು ಬ್ಲೇಡಿನಿಂದ ನವಿರಾಗಿ ಕೆರೆದು ಸಾಹೇಬರ ಹೆಸರು ಬರೆಯುತ್ತಿದ್ದ. ಎಲ್ಲಕ್ಕಿಂತ ಮೊದಲು ಕೆರೆದದ್ದು ಮಕ್ಕಳ ಗ್ರಂಥಾಲಯದ ನಕ್ಷೆ ಬರೆದ ಮಹ್‌ಫಿರತ್ ಓಪಾಳ ಹೆಸರು. ಆಕೆಯೇ ಕೆಳಗಿಳಿದು ಬಂದು ಬೆನ್ನ ಹಿಂದೆ ನಿಂತು ನೋಡಿದ್ದಳು. ಅಳಲಿಲ್ಲ, ಬಯ್ಯಲಿಲ್ಲ. "ಹಮ್ರೋಜಾನ್, ಬ್ಲೇಡು ಹರಿತ ಇದೆ ತಾನೆ? ಕಾಗದ ಹರಿದೀತು, ಹುಷಾರು," ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿ ಹೋಗಿದ್ದಳು. ಆ ವಸಂತದಲ್ಲೂ ಎಂದಿನಂತೆ ಅವನಿಗೊಂದು ಬಟ್ಟಲು ಸುಮಲಕ್ ಪಾಯಸ ಕಳಿಸಿದ್ದಳು. ಆ ಪಾಯಸವನ್ನು ಅವನು ಮುಟ್ಟಿರಲಿಲ್ಲ. ಆಕೆ ತೀರಿಕೊಂಡು ಈಗ ಹನ್ನೆರಡು ವರ್ಷ.

'ಹೋಗಲಿ, ಕೆರೆದದ್ದು ಯಾರಿಗೆ ಗೊತ್ತು?' ಎಂದು ಹಮ್ರೋ ಧೈರ್ಯ ತಂದುಕೊಂಡ. 'ಸಾಹೇಬರ ಹೆಸರೇ ಇರೋ ಪ್ರತಿ ಕೊಟ್ಟುಬಿಟ್ಟರಾಯ್ತು. ಕೇಳಿದರೆ ನಾನು ಬರೇ ಕಪಾಟು ಕಾಯೋನು.'

ಗ್ರಂಥಾಲಯದ ನಕ್ಷೆಯನ್ನು ಪ್ರತಿ ತೆಗೆಯುವ ಹಳೆಯ ಯಂತ್ರಕ್ಕೆ ಕೊಟ್ಟ. ಅಮೋನಿಯಾದ ಘಾಟಿಗೆ ಕಣ್ಣಲ್ಲಿ ನೀರು ಬಂತು. ಯಂತ್ರ ನರಳುತ್ತ ನೀಲಿ ಪ್ರತಿಯೊಂದನ್ನು ಹೊರಗೆ ಚಾಚಿತು. ಮೂಲೆಯಲ್ಲಿ ಸಾಹೇಬರ ಹೆಸರಿತ್ತು. ಅದರ ಅಡಿಯಿಂದ ಇನ್ನೊಂದು ಹೆಸರು ಮೇಲೇಳುತ್ತಿತ್ತು.

ಮಹ್‌ಫಿರತ್ ಇಸ್ಮತೋವಾ.

ಹಮ್ರೋ ಮೂಲ ನಕ್ಷೆಯನ್ನು ಬೆಳಕಿಗೆ ಹಿಡಿದ. ಕೆರೆದ ಜಾಗದಲ್ಲಿ ಬೆಳ್ಳಗೆ, ಹಿಟ್ಟು ಉದುರಿಸಿದಂತೆ ಅಕ್ಷರಗಳು. ಆ ಊರಿನಲ್ಲಿ ವಸಂತ ಬಂತೆಂದರೆ ನೆಲದ ಚೌಳು ನೀರು ಗೋಡೆ ಹತ್ತುತ್ತದೆ, ಇಟ್ಟಿಗೆಯ ಮೇಲೆಲ್ಲ ಉಪ್ಪು ಅರಳುತ್ತದೆ. ಅದೇ ಉಪ್ಪು ಕಪಾಟಿಗೂ ನುಗ್ಗಿ, ಬ್ಲೇಡು ಒರಟಾಗಿಸಿದ ಜಾಗ ಹುಡುಕಿ ಕೂತಿತ್ತು ಎಂದು ಯಾರಾದರೂ ಹೇಳಬಹುದಿತ್ತು. ಆದರೆ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಉಪ್ಪು ಅಷ್ಟು ದುಂಡಗೆ, ಆಕೆಯದೇ ಕೈಬರಹದಲ್ಲಿ ಕೂರುವುದು ಹೇಗೆ ಎಂದು ಯೋಚಿಸುತ್ತ ಹಮ್ರೋ ಬಾಗಿಲ ಕಡೆ ಒಮ್ಮೆ ನೋಡಿಕೊಂಡ.

ಬ್ಲೇಡು ತೆಗೆದು ಕೆರೆದ. ಎರಡನೇ ಪ್ರತಿಯಲ್ಲಿ ಹೆಸರು ಇನ್ನಷ್ಟು ಗಾಢವಾಯಿತು. ರಬ್ಬರಿನಿಂದ ಉಜ್ಜಿದ. ಮೂರನೇ ಪ್ರತಿಯಲ್ಲಿ ಸಾಹೇಬರ ಹೆಸರೇ ಅಳಿಸಿಹೋಗಿ ಓಪಾಳದ್ದು ಮಾತ್ರ ಉಳಿಯಿತು. ಕೊನೆಗೆ ಊಟದ ಗಂಟಿನಿಂದ ನಾನ್ ರೊಟ್ಟಿ ಮುರಿದು, ಅದರ ಮೆತ್ತನೆಯ ತಿರುಳಿನಿಂದ ತಿಕ್ಕತೊಡಗಿದ.

"ಅಯ್ಯಯ್ಯೋ! ತಿನ್ನೋ ಅನ್ನದಿಂದ ಏನು ಉಜ್ತಿದ್ದೀಯಪ್ಪ?"

ಕಸ ಗುಡಿಸುವ ಚಿಕ್ಕಮ್ಮ ಸಬೋಹತ್ ಖಾಲಾ ಬಾಗಿಲಲ್ಲಿ ನಿಂತಿದ್ದಳು. ನಾನ್ ಬೋರಲು ಬಿದ್ದರೂ ಎತ್ತಿ ಹಣೆಗೊತ್ತಿಕೊಳ್ಳುವ ಹೆಂಗಸು.

"ಏನಿಲ್ಲ ಖಾಲಾ, ಒಂದು ಕಲೆ."

ಅವಳು ಬಗ್ಗಿ ನೋಡಿದಳು. "ಕಲೆ ಅಲ್ಲಪ್ಪ, ಮಹ್‌ಫಿರತ್ ಓಪಾ! ಸತ್ತವಳ ಹೆಸರನ್ನ ಅನ್ನದಲ್ಲಿ ಅಳಿಸ್ತೀಯಾ? ಕೈ ಸೇದಿಹೋಗುತ್ತೆ ನಿಂದು!"

"ಮೆಲ್ಲಗೆ ಮಾತಾಡು ಖಾಲಾ. ಬೆಳಗ್ಗಿಂದ ಅದಾಗಿ ಅದೇ ಏಳ್ತಿದೆ."

"ಅದಾಗಿ ಅದೇ?" ಖಾಲಾಳ ದನಿ ಇಳಿಯಿತು. ಗೋಡೆಯ ಕಡೆ ಬೆರಳು ಮಾಡಿದಳು. "ಹಾಗಾದ್ರೆ ಅದ್ಯಾವಾಗ ಬಂತು?"

ಗೋಡೆಯ ಮೇಲೆ, ಹಮ್ರೋನ ಕುರ್ಚಿಯ ಹಿಂದೆ ಸರಿಯಾಗಿ, ಬಿಳಿ ಉಪ್ಪಿನ ಕಲೆಯೊಂದು ಆಳೆತ್ತರಕ್ಕೆ ಹಬ್ಬಿತ್ತು. ಸ್ವಲ್ಪ ತಲೆ ಬಾಗಿಸಿ, ಯಾರದೋ ಹೆಗಲ ಮೇಲಿಂದ ಇಣುಕಿ ನೋಡುವ ಹೆಂಗಸಿನಂತಿತ್ತು. ನಿನ್ನೆ ಅದು ಮೊಣಕಾಲೆತ್ತರವೂ ಇರಲಿಲ್ಲ ಎಂದು ಹಮ್ರೋ ಆಣೆ ಮಾಡಿ ಹೇಳಬಲ್ಲವನಾಗಿದ್ದ.

ಖಾಲಾ ಓಡಿಹೋಗಿ ದೃಷ್ಟಿ ತೆಗೆಯುವ ಇಸಿರಿಕ್ ಸೊಪ್ಪಿಗೆ ಬೆಂಕಿ ಹಚ್ಚಿ ತಂದು ನೆಲಮಾಳಿಗೆಯ ತುಂಬ ಹೊಗೆ ಎಬ್ಬಿಸಿದಳು. ಹೊಗೆಗೆ ದೆವ್ವ ಓಡಿತೋ ಇಲ್ಲವೋ, ಖಾಲಾಳಂತೂ ಕೆಮ್ಮುತ್ತ ಮೇಲಕ್ಕೆ ಓಡಿದಳು.

ಹೊಗೆಯ ನಡುವೆ ಹಮ್ರೋ ಒಬ್ಬನೇ ಉಳಿದ. ಮಿಕ್ಕ ಸುರುಳಿಗಳನ್ನು ಒಂದೊಂದಾಗಿ ಬಿಚ್ಚಿದ. ಹೆರಿಗೆ ಆಸ್ಪತ್ರೆಯಲ್ಲಿ ಒಬ್ಬಳ ಹೆಸರು, ಮಾರುಕಟ್ಟೆಯಲ್ಲಿ ಇನ್ನೊಬ್ಬಳದು. ಹದಿನೇಳೂ ಮೂಲೆಗಳಿಂದ ಹೆಂಗಸರು ಬೆಳ್ಳಗೆ ಎದ್ದು ಕೂತಿದ್ದರು. ಮೆಟ್ಟಿಲ ಮೇಲೆ ಹಿಮ್ಮಡಿಯ ಸದ್ದು ಇಳಿದು ಬಂತು. ಟಕ್, ಟಕ್, ಟಕ್. ಕೊನೆಯ ಮೆಟ್ಟಿಲಲ್ಲಿ ನಿಂತಿತು. ಯಾರೂ ಒಳಗೆ ಬರಲಿಲ್ಲ.

"ಹಮ್ರೋಜಾನ್," ಎಂದಿತು ಬೆನ್ನ ಹಿಂದೆ ಒಂದು ದನಿ, "ಬ್ಲೇಡು ಹರಿತ ಇದೆ ತಾನೆ?"

ಹಮ್ರೋ ತಿರುಗಲಿಲ್ಲ. ತಿರುಗುವ ಧೈರ್ಯ ಯಾರಿಗಿತ್ತು? ಕುರ್ಚಿಯಿಂದ ಜಾರಿ ನೆಲಕ್ಕೆ ಕುಸಿದು ಎರಡೂ ಕಿವಿ ಹಿಡಿದುಕೊಂಡ.

"ಓಪಾ, ತಪ್ಪಾಯ್ತು! ಹೊಟ್ಟೆಪಾಡಿಗೆ ಮಾಡ್ಬಿಟ್ಟೆ. ನಿಮ್ಮ ಹೆಸರನ್ನ ಈ ಕೈಯಿಂದಲೇ ಮತ್ತೆ ಬರೀತೀನಿ. ಎಲ್ಲರದೂ ಬರೀತೀನಿ. ನನ್ನ ಬಿಟ್ಬಿಡಿ!"

ಆಮೇಲೆ ಮೂರು ತಾಸು ಅವನು ತಲೆ ಎತ್ತಲಿಲ್ಲ. ಉಪ್ಪಿನ ಗೆರೆಯ ಮೇಲೇ ಮಸಿಯ ಗೆರೆ ಎಳೆದು ಹದಿನೇಳು ಹೆಸರುಗಳನ್ನೂ ಬರೆದ. ಬರೆಯುತ್ತ ಹೋದಂತೆ ಎದೆಯ ಮೇಲಿದ್ದ ಚಪ್ಪಡಿ ಸರಿದ ಹಾಗಾಯಿತು. ಭಯವಾಗಿ ಶುರುವಾದದ್ದು ನಡುವೆಯೆಲ್ಲೋ ನಿಜವಾದ ದುಃಖವಾಯಿತು, ಅವನು ಕಣ್ಣೊರೆಸಿಕೊಂಡ. ಆದರೆ ಮನುಷ್ಯನ ಬುದ್ಧಿ ನೋಡಿ, ಕೊನೆಯ ಪ್ರತಿ ತೆಗೆಯುವ ಹೊತ್ತಿಗೆ ಅದು ಹೆಮ್ಮೆಯಾಗಿತ್ತು. 'ಕೆರೆದವರು ಯಾರೋ ಏನೋ, ವಾಪಸು ಬರೆದವನು ಮಾತ್ರ ಹಮ್ರೋ ಬೋಲ್ತಾಯೆವ್' ಎಂದುಕೊಂಡು ಟೈ ಸರಿಮಾಡಿಕೊಂಡ.

ಮೂರು ಗಂಟೆಗೆ ಮೇಲಿನ ಹಜಾರ ತುಂಬಿತ್ತು. ಮುಂದಿನ ಸಾಲಿನಲ್ಲಿ ಜುಲೈಹೋ, ಅವಳ ಅಣ್ಣ, ಅವರ ಹಿಂದೆ ಇಡೀ ಬೀದಿ. ಹದಿನೇಳು ನಕ್ಷೆಗಳು ಗೋಡೆ ಏರಿದವು. ಮಹ್‌ಫಿರತ್ ಓಪಾಳ ಹೆಸರನ್ನು ಗಟ್ಟಿಯಾಗಿ ಓದಿದಾಗ ಹೊಸ ಹುಡುಗಿಯರೆಲ್ಲ ಎದ್ದು ನಿಂತರು. ಹಮ್ರೋನೂ ಎದ್ದು ನಿಂತ.

"ಈ ನಕ್ಷೆಗಳ ಹಳೇ ಫೋಟೋಗಳು ತಾಷ್ಕೆಂಟಿನಿಂದ ನಮಗೆ ಹೋದ ತಿಂಗಳೇ ಬಂದಿದ್ವು," ಎಂದರು ಡೈರೆಕ್ಟರಮ್ಮ. "ಬರೆದ ಹೆಣ್ಣುಮಕ್ಕಳ ಹೆಸರು ಅವುಗಳಲ್ಲಿ ಇರಲಿಲ್ಲ, ಸಾಹೇಬರದ್ದೇ ಇತ್ತು. ಆ ಹೆಸರುಗಳು ಗೊತ್ತಿದ್ದದ್ದು ಒಬ್ಬರಿಗೇ. ಅವರೇ ಇವತ್ತು ತಂದುಕೊಟ್ಟರು. ಹಮ್ರೋ ಅಕಾ, ಮುಂದೆ ಬನ್ನಿ."

ಚಪ್ಪಾಳೆ ಬಿತ್ತು. ಹಮ್ರೋ ಮದುಮಗನ ಹಾಗೆ ನಡೆದು ಬಂದ.

"ಮಾತು ಕೊಟ್ಟಿದ್ದೆ, ನಿಮ್ಮ ಹೆಸರು ಎಲ್ಲರಿಗಿಂತ ದೊಡ್ಡದಾಗಿ ಬರುತ್ತೆ ಅಂತ," ಎಂದು ಆಕೆ ಎದುರು ಗೋಡೆಯ ಪರದೆ ಎಳೆದರು.

ಬಾಗಿಲಗಲದ ಹಾಳೆ ಅದು. ನಕ್ಷೆಯ ಮೂಲೆಯಲ್ಲಿ, ತಿದ್ದುಪಡಿ ಮಾಡಿದವರು ಗುರುತು ಹಾಕಬೇಕಾದ ಪುಟ್ಟ ಚೌಕಗಳಿರುತ್ತವಲ್ಲ, ತಾಷ್ಕೆಂಟಿನ ಫೋಟೋಗಳಿಂದ ತೆಗೆದ ಅವುಗಳ ದೊಡ್ಡ ಚಿತ್ರ. ಹದಿನೇಳು ಸಾಲು. ಪ್ರತಿ ಸಾಲಿನಲ್ಲೂ ಒಂದೇ ಒಕ್ಕಣೆ, ಮುದ್ದಾದ ಅಕ್ಷರದಲ್ಲಿ: 'ತಿದ್ದುಪಡಿ: ಹೆಸರು ಅಳಿಸಲಾಗಿದೆ. ಅಳಿಸಿದವರು: ಹ. ಬೋಲ್ತಾಯೆವ್.' ಪಕ್ಕದಲ್ಲಿ ತಾರೀಖು, ಸಹಿ. ಬಲ್ಬಿಗೆ ಹಾಕಿದಷ್ಟೇ ಅಭ್ಯಾಸದಿಂದ ಹಾಕಿ ಅವನು ಮರೆತೇಬಿಟ್ಟಿದ್ದ ಸಹಿ.

ಮೊದಲು ಬಾಯಿ ಬಿಟ್ಟವಳು ಜುಲೈಹೋ.

"ಅಂತೂ ಗಂಟೆ ಕಟ್ಟಿದ್ರು ಕಣ್ರೀ. ಒಂದಲ್ಲ, ಹದಿನೇಳು."

ಐದು ಗಂಟೆಗೆ ಎಲ್ಲರೂ ಪಲಾವ್ ತಿನ್ನಲು ಅಂಗಳಕ್ಕೆ ಹೋದರು. ಇಳಿಬಿಸಿಲು ಬಿದ್ದಿದ್ದ ಖಾಲಿ ಹಜಾರಕ್ಕೆ ಹಮ್ರೋ ಕಳ್ಳಹೆಜ್ಜೆಯಲ್ಲಿ ಬಂದ. ಜೇಬಿನಿಂದ ಬ್ಲೇಡು ತೆಗೆದ. ತನ್ನ ಹೆಸರಿನ ಮೊದಲಕ್ಷರದ ಮೇಲೆ ಇಟ್ಟ.

"ಹಮ್ರೋಜಾನ್, ಬ್ಲೇಡು ಹರಿತ ಇದೆ ತಾನೆ?"

ಸರ್ರನೆ ತಿರುಗಿದ. ಯಾರೂ ಇರಲಿಲ್ಲ. ಮೊನ್ನೆಯಷ್ಟೇ ಬಣ್ಣ ಬಳಿದ ಗೋಡೆಯ ಬುಡದಿಂದ ಬಿಳಿ ಉಪ್ಪು ಗೇಣುದ್ದ ಮೇಲೆ ಬಂದಿತ್ತು.

"ಕೆರಿ, ಬೇಡ ಅನ್ನಲ್ಲ," ಎಂದಿತು ಆ ಮೆಲುದನಿ. "ಕೆರೆದ ಮೇಲೆ ಪಕ್ಕದಲ್ಲಿ ಸಹಿ ಹಾಕೋದು ಮಾತ್ರ ಮರೀಬೇಡ."

ಹಮ್ರೋನ ಹಲ್ಲುಗಳು ಕಟಕಟ ಅನ್ನುತ್ತಿದ್ದವು. ಅಭ್ಯಾಸಬಲ ನೋಡಿ, ಎಡಗೈ ಮಾತ್ರ ಆಗಲೇ ಜೇಬಿನಲ್ಲಿ ಪೆನ್ನು ಹುಡುಕುತ್ತಿತ್ತು.