ದರ್ಜಿ ಅಜ್ಜನ ಖಾಲಿ ತಟ್ಟೆ

ತೂಕದ ಯಂತ್ರದ ಮುಳ್ಳು ನಲವತ್ತೊಂದಕ್ಕೆ ಬಂದು ನಿಂತಿತು. ಹೋದ ವಾರ ನಲವತ್ತೆರಡಿತ್ತು. ದರ್ಜಿ ಅಜ್ಜನ ಕೈಹಿಡಿದು ಕೆಳಗಿಳಿಸಿದ ಸಿಸ್ಟರ್ ಚಾರ್ಟನ್ನು ಮತ್ತೆ ತಿರುವಿ ನೋಡಿದಳು. ಮೂರು ಹೊತ್ತೂ ಖಾಲಿ ತಟ್ಟೆ ನೋಡಿ ‘ಪೂರ್ತಿ ಊಟ ಮಾಡಿದ್ದಾರೆ’ ಎಂದು ಚಾರ್ಟಿನಲ್ಲಿ ಬರೆದವಳು ಅವಳೇ.

“ಚಾರ್ಟ್ ಪ್ರಕಾರ ಇವ್ರು ಪೈಲ್ವಾನ್ ಆಗಿರ್ಬೇಕಿತ್ತು,” ಎಂದರು ಡಾಕ್ಟರು, ನಗದೆ. “ಮುಂದಿನ ವಾರದೊಳಗೆ ಒಂದು ಕೆಜಿನಾದ್ರೂ ಏರ್ಲಿಲ್ಲ ಅಂದ್ರೆ ಆಪರೇಷನ್ ಮಾಡಕ್ಕಾಗಲ್ಲ. ಹೊಟ್ಟೇಲಿರೋ ಗಡ್ಡೆ ನಮಗೋಸ್ಕರ ಕಾಯ್ತಾ ಕೂರಲ್ಲ.”

ತಿಂಡಿಯ ಹೊತ್ತಿಗೆ ಸಿಸ್ಟರ್ ಬಾಗಿಲ ಮರೆಯಲ್ಲಿ ನಿಂತಳು. ಅಜ್ಜ ಬ್ರೆಡ್ಡಿನ ಅಂಚು ಕಚ್ಚಿ, ಉಳಿದದ್ದನ್ನು ಮೊಟ್ಟೆಯ ಸಮೇತ ಪಕ್ಕದ ಮಂಚಕ್ಕೆ ದಾಟಿಸಿದ. ಅಲ್ಲಿದ್ದವನು ಲಾರಿ ಡ್ರೈವರ್. ಮಂಡಿ ಆಪರೇಷನ್ನಿಗೆ ಮುಂಚೆ ಹದಿನೈದು ಕೆಜಿ ಇಳಿಸಲೇಬೇಕಾದ ಆಸಾಮಿ. ಮೊಟ್ಟೆ ಕ್ಷಣದಲ್ಲಿ ಮಾಯವಾಯಿತು.

“ಇಡೀ ವಾರ್ಡಿಗೇ ಗೊತ್ತು ಸಿಸ್ಟರ್, ನಿಮಗೊಬ್ರಿಗೇ ಗೊತ್ತಿರ್ಲಿಲ್ಲ,” ಎಂದು ಎದುರು ಮಂಚದ ಪೋಸ್ಟ್‌ಮನ್ ಮುಸಿಮುಸಿ ನಕ್ಕ.

“ಅಜ್ಜಾ, ಜೀವದ ಮೇಲೆ ಆಸೆ ಇಲ್ವಾ ನಿಮಗೆ?”

“ಇದೆ ತಾಯಿ. ಮೊಮ್ಮಗಳ ಮದುವೆ ಬಟ್ಟೆ ನಾನೇ ಹೊಲೀಬೇಕು. ಆದ್ರೆ ಪಕ್ಕದಲ್ಲೊಬ್ಬ ಹಸ್ಕೊಂಡು ನೋಡ್ತಿದ್ರೆ ನಂಗೆ ತುತ್ತು ಗಂಟಲಲ್ಲಿ ಇಳಿಯಲ್ಲ. ಅಂಗಡೀಲೂ ಅಷ್ಟೇ, ಕೆಲಸದವ್ರು ಉಂಡ ಮೇಲೇ ನಾನು.”

ಅವಳ ಸಿಟ್ಟು ಅರ್ಧ ಇಳಿಯಿತು. ಆದರೂ ಅಜ್ಜನ ಮಂಚವನ್ನು ದರದರ ಎಳೆದುಕೊಂಡು ಹೋಗಿ ವಾರ್ಡಿನ ಇನ್ನೊಂದು ತುದಿಗೆ, ಮೇಷ್ಟ್ರೊಬ್ಬರ ಪಕ್ಕಕ್ಕೆ ಹಾಕಿದಳು. ಮಧ್ಯಾಹ್ನ ತಟ್ಟೆ ತೊಳೆದಿಟ್ಟಷ್ಟು ಖಾಲಿ! ಅವಳು ಹಿಗ್ಗುವಷ್ಟರಲ್ಲಿ ಮೇಷ್ಟ್ರನ್ನು ಆಪರೇಷನ್ನಿಗೆ ಒಯ್ಯಲು ಸ್ಟ್ರೆಚರ್ ಬಂತು.

“ಬೆಳಗ್ಗಿಂದ ಬಾಯಿಗೆ ಏನೂ ಹಾಕಿಲ್ಲ ತಾನೇ ಸರ್?” ಎಂದು ಕೇಳಿದ ವಾರ್ಡ್‌ಬಾಯ್.

“ಹಾಕಿರ್ಲಿಲ್ಲ ಕಣಪ್ಪ. ಈ ಅಜ್ಜ ಬಿಡ್ಲಿಲ್ಲ. ಒಂದು ಲೋಟ ಹಾಲು, ಮೊಟ್ಟೆ, ಒಂದಿಷ್ಟು ಅನ್ನ...”

ಸ್ಟ್ರೆಚರ್ ಬಂದ ದಾರಿಯಲ್ಲೇ ಹಿಂತಿರುಗಿತು. ಒಬ್ಬರ ಆಪರೇಷನ್ ಉಳಿಸಲು ಹೋಗಿ ಇನ್ನೊಬ್ಬರದ್ದನ್ನು ಮುಂದೂಡಿಸಿದ್ದಕ್ಕೆ ಹೆಡ್ ಸಿಸ್ಟರ್ ಅವಳನ್ನು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡರು. ಅವಳ ಊಟದ ಬಿಡುವು ಅದರಲ್ಲೇ ಮುಗಿದುಹೋಯಿತು.

ಸಂಜೆ ಅಜ್ಜನನ್ನು ಒಂಟಿ ಕೋಣೆಗೆ ಸಾಗಿಸಿ, ಬಾಗಿಲು ಹಾಕಿ, ಸ್ಟೂಲ್ ಎಳೆದುಕೊಂಡು ಎದುರಿಗೇ ಕುಳಿತಳು.

“ಇಲ್ಲಿ ಯಾರೂ ಇಲ್ಲ. ನಾನು ನೋಡ್ತಾನೇ ಇರ್ತೀನಿ. ಊಟ ಮಾಡಿ.”

ಅಜ್ಜ ಒಂದು ತುತ್ತು ಬಾಯಿಗಿಟ್ಟು ಅವಳ ಮುಖ ನೋಡಿದ. “ನಿಮ್ದು ಊಟ ಆಯ್ತಾ ತಾಯಿ?”

ಸುಳ್ಳು ಹೇಳಬಹುದಿತ್ತು. ಆದರೆ ಬೆಳಗಿನಿಂದ ಅವಳನ್ನು ಹಾಗೆ ಕೇಳಿದವರು ಬೇರೊಬ್ಬರಿರಲಿಲ್ಲ. ಕಣ್ಣು ತುಂಬಿ, ಇಲ್ಲವೆಂದು ತಲೆಯಾಡಿಸಿದಳು. ತಟ್ಟೆ ಮೆಲ್ಲಗೆ ಅವಳತ್ತ ಸರಿಯಿತು.

“ನೀವೊಂದು ತುತ್ತು, ನಾನೊಂದು ತುತ್ತು. ಆಗ ನಂಗೂ ಸೇರುತ್ತೆ.”

ಅದು ನ್ಯಾಯವೆನಿಸಿತು. ಮೊಮ್ಮಗಳ ಬಟ್ಟೆಯ ಬಣ್ಣ, ಅಂಚು, ಗುಂಡಿ ಎಂದು ಅಜ್ಜ ಹೇಳುತ್ತಾ ಹೋದ, ಅವಳು ಕೇಳುತ್ತಾ ಕುಳಿತಳು. ಅಜ್ಜನ ಹೊಟ್ಟೆಗೆ ಹೋದದ್ದು ಮೂರೇ ತುತ್ತು ಎಂಬುದು ಅವಳಿಗೆ ಹೊಳೆದದ್ದು ಕೊನೆಯ ಚೂರು ಮೊಟ್ಟೆಯನ್ನು ತಾನೇ ನುಂಗಿದ ಮೇಲೆ.

“ಈಗ ನೋಡಿ, ಮುಖದಲ್ಲಿ ಕಳೆ ಬಂತು,” ಎಂದ ಅಜ್ಜ, ತೃಪ್ತಿಯಿಂದ ಕೈ ತೊಳೆಯುತ್ತಾ.