ಮೆಕ್ಕೆಜೋಳದ ಟೋರ್ಟಿಯಾ ಮತ್ತು ನಮ್ಮತ್ತೆ

ಗಂಭೀರವಾಗಿ ಶುರು ಮಾಡಿದ ಕೆಲಸ ನಮ್ಮ ಮನೆಯಲ್ಲಿ ಗಂಭೀರವಾಗಿ ಮುಗಿದದ್ದು ಕಡಿಮೆ.

ಮಾವನವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅತ್ತೆ ಮಾತು ನಿಲ್ಲಿಸಿದ್ದರು. ಏನು ಕೇಳಿದರೂ "ಹೂಂ", ಇಲ್ಲದಿದ್ದರೆ "ಬೇಡ". ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು. ಮುದ್ದೆ, ಚಿತ್ರಾನ್ನ, ಶಾವಿಗೆ, ಏನು ಮಾಡಿದರೂ ಅವರಿಗೆ ಮಾವನವರದೇ ನೆನಪು. ಕೊನೆಗೆ ಪಿಯುಸಿ ಓದುವ ಮಗಳು ಹೇಳಿದಳು: "ತಾತ ಯಾವತ್ತೂ ತಿನ್ನದೇ ಇರೋದನ್ನ ಮಾಡಮ್ಮ. ಟೋರ್ಟಿಯಾ ಮಾಡು. ಮೆಕ್ಸಿಕೊದವರ ರೊಟ್ಟಿ, ಮೆಕ್ಕೆಜೋಳದ್ದು."

೧. ಮಿಲ್ಲಿನಲ್ಲಿ

ಮಲ್ಲತ್ತಹಳ್ಳಿ ಕೆರೆ ಹತ್ತಿರದ ಹಿಟ್ಟಿನ ಮಿಲ್ಲಿಗೆ ಒಣ ಮೆಕ್ಕೆಜೋಳ ಒಯ್ದೆ. ಮಿಲ್ಲಿನವರು ಕಾಳನ್ನು ಅಂಗೈಗೆ ಹಾಕಿಕೊಂಡು ನೋಡಿ, "ಎಷ್ಟು ಹಸು ಇದಾವೆ ಮೇಡಂ?" ಅಂತ ವಿಚಾರಿಸಿದರು.

"ಹಸು ಇಲ್ಲ. ನಮಗೇ, ರೊಟ್ಟಿಗೆ."

ಅವರು ನುಣ್ಣಗೆ ಬೀಸಿದರು. ಚೀಲ ಕೈಗೆ ಕೊಡುವಾಗ ದನಿ ತಗ್ಗಿಸಿ ಕೇಳಿದರು: "ಸಾರ್ ಕೆಲಸಕ್ಕೆ ಹೋಗ್ತಾ ಇದಾರೆ ತಾನೇ?"

೨. ಒಲೆ ಮುಂದೆ

ತಣ್ಣೀರಲ್ಲಿ ಕಲಸಿದೆ. ಲಟ್ಟಿಸಿದರೆ ಅಂಚೆಲ್ಲ ಬಿರಿಯಿತು, ಎತ್ತಿದರೆ ಮೂರು ತುಂಡು. ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ ಸುಮ್ಮನೆ ನೋಡುತ್ತಿದ್ದರು. ಮಹಡಿ ಮೇಲೆ ಬಾಡಿಗೆಗಿರುವ ಬಾಗಲಕೋಟೆಯ ಹೆಂಗಸು ಮೊಸರಿಗೆ ಹೆಪ್ಪು ಕೇಳಲು ಬಂದವಳು ನನ್ನ ಅವಸ್ಥೆ ನೋಡಿದಳು.

"ಸುಡು ನೀರಾಗ ಕಲಸಬೇಕ್ರಿ ಅಕ್ಕಾರ. ಸರೀರಿ ಸ್ವಲ್ಪ."

ಬಿಸಿನೀರಲ್ಲಿ ಬೇರೆ ಹಿಟ್ಟು ಕಲಸಿ ಅವಳು ತಟ್ಟಿದ್ದು ಒಂದೂ ಹರಿಯಲಿಲ್ಲ. ಹೆಂಚಿನ ಮೇಲೆ ಉಬ್ಬಿ ಬಂದವು. ಅತ್ತೆ ಒಂದು ಪೂರ್ತಿ ತಿಂದರು. ನಾನು ಒಲೆಯ ಕಡೆ ತಿರುಗಿ ನಿಂತೆ.

"ಇದು ಯಾವ ಊರ ರೊಟ್ಟಿರಿ?" ಅಂದಳು.

"ಮೆಕ್ಸಿಕೊ ಅಂತ. ದೂರದ ದೇಶ."

ಅವಳು ಕೈಯ ಹಿಟ್ಟು ಕೊಡವಿಕೊಳ್ಳುತ್ತಾ ಯೋಚಿಸಿ ಹೇಳಿದಳು: "ಹಂಗಾದ್ರ ನಮ್ಮ ಕಡೆಯವ್ರು ಯಾರೋ ಹೋಗಿ ಕಲಿಸ್ಯಾರ್ ಬಿಡ್ರಿ."

೩. ಚಿಪ್ಸು

ಉಳಿದ ಟೋರ್ಟಿಯಾಗಳನ್ನು ಮಾರನೆಯ ದಿನ ಮೂರು ಮೂಲೆಯ ತುಂಡುಗಳಾಗಿ ಕತ್ತರಿಸಿ ಎಣ್ಣೆಯಲ್ಲಿ ಕರಿದೆ. ಉಪ್ಪು, ಖಾರದಪುಡಿ ಉದುರಿಸುವಷ್ಟರಲ್ಲಿ ಕೆಂಗೇರಿ ಉಪನಗರದಿಂದ ಮಾವನವರ ತಮ್ಮ ಬಂದರು. ಮಂಡಿ ಆಪರೇಷನ್ ಆಗಿದ್ದರಿಂದ ಸಾವಿಗೂ ತಿಥಿಗೂ ಅವರಿಗೆ ಬರಲಾಗಿರಲಿಲ್ಲ. ಅತ್ತೆಯ ಎದುರು ಕೂತು ಕಣ್ಣೊರೆಸಿಕೊಂಡರು. ಬೇರೇನೂ ಇರಲಿಲ್ಲವೆಂದು ಚಿಪ್ಸನ್ನೇ ಮುಂದಿಟ್ಟೆ.

"ಅಣ್ಣನಂಥವರು ಇನ್ನು ಹುಟ್ಟಲ್ಲ ಅತ್ತಿಗೆ," ಅಂದು, ಕೈಗೆ ಸಿಕ್ಕಿದ ಒಂದನ್ನು ಬಾಯಿಗೆ ಹಾಕಿಕೊಂಡರು.

ಕರ್ರುಂ.

ಆ ಸದ್ದು ಹಾಲ್ ತುಂಬ ಕೇಳಿಸಿತು. ಅವರು ಅಗಿಯುವುದನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತು ಬಿಟ್ಟು ನಿಧಾನವಾಗಿ ಶುರು ಮಾಡಿದರು. ನಿಧಾನ ಮಾಡಿದಷ್ಟೂ ಸದ್ದು ಹೆಚ್ಚಾಯಿತು. ಮಗಳು ಎದ್ದು ರೂಮಿಗೆ ಹೋದಳು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು, ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಹತ್ತಿರ ಹೋಗಿ ನೋಡಿದರೆ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

"ನಿಮ್ಮಣ್ಣ ಇದ್ದಿದ್ರೆ ಇದನ್ನ ಮುಟ್ತಾ ಇರಲಿಲ್ಲ," ಅಂದರು ಅತ್ತೆ, ನಾಲ್ಕು ತಿಂಗಳಲ್ಲಿ ಮೊದಲ ಸಲ ಪೂರ್ತಿ ಮಾತು. "ಮುಟ್ಟಿದ್ರೆ ಹಲ್ಲಿನ ಸೆಟ್ಟು ಕಿತ್ಕೊಂಡು ಬಂದಿರೋದು."

ಅವರ ಮೈದುನ ದವಡೆ ಹಿಡಿದುಕೊಂಡು ತಲೆ ತಗ್ಗಿಸಿ, ತುಟಿ ಸಂದಿಯಿಂದಲೇ ಹೇಳಿದರು:

"ನಂದು ಕಿತ್ಕೊಂಡೇ ಬಂತು ಅತ್ತಿಗೆ. ಅದಕ್ಕೇ ಬಾಯಿ ತೆಗೀತಾ ಇಲ್ಲ."